ಗಡಾಯಿಕಲ್ಲಿನ ಒಂದೇ ದಾರಿ

ಬಂಟ್ವಾಳದಲ್ಲಿ ಹುಟ್ಟಿ, ಮೂಡುಬಿದಿರೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದ ನಾನು ಗಡಾಯಿಕಲ್ಲನ್ನು ಹತ್ತಿದ್ದು ನಿವೃತ್ತಿಯಾದ ಮೇಲೆ. ಧರ್ಮಸ್ಥಳಕ್ಕೆ ಹೋಗುವಾಗಲೆಲ್ಲ ಬೆಳ್ತಂಗಡಿಯ ಹತ್ತಿರ ಕಾಣುವ ಆ ಬೋಳು ಬಂಡೆಯನ್ನು ಮಕ್ಕಳಿಗೆ ತೋರಿಸಿ, "ಟಿಪ್ಪುವಿನ ಕೋಟೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಹತ್ತುವ ಎಂದು ಹೊರಡಿಸಿದವರು ನೆರೆಮನೆಯ ಬಾಯಿ. "ಟೀಚರೇ, ಮೊಣಗಂಟು ಹೇಳಿದ ಮಾತು ಕೇಳುವಾಗಲೇ ಒಮ್ಮೆ ಹೋಗಿ ಬರುವ."

ಬಾಯಿಗೆ ಅದು ಬರಿಯ ಕಲ್ಲಲ್ಲ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದಾಗ ಇವರ ಹಿರಿಯರೂ ಆ ಸಾಲಿನಲ್ಲಿದ್ದರಂತೆ. ಈ ಬಂಡೆಯ ಬುಡದಿಂದಲೇ ಘಟ್ಟ ಹತ್ತಿದರು ಎಂಬುದು ಮನೆಯ ಮಾತು. ಬಾಯಿಯ ಅಜ್ಜಿ ಬಸ್ಸಿನಲ್ಲಿ ಕಲ್ಲು ಕಾಣುವ ಬದಿಗೆ ಕೂರುತ್ತಲೇ ಇರಲಿಲ್ಲವಂತೆ.

ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ದಾಟಿ ಹೋದೆವು. 1801ರಲ್ಲಿ ಕುಂಪಣಿ ಸರಕಾರದ ಪರವಾಗಿ ನಾಡು ನೋಡಲು ಬಂದ ಫ್ರಾನ್ಸಿಸ್ ಬುಕನನ್ ನಡೆದದ್ದು ಇದರ ತಿರುವು ಮುರುವು. ಅವನು ಮಂಗಳೂರು ಕಡೆಯಿಂದ ಬಂದು, ಕಲ್ಲನ್ನು ನೋಡಿ, ಆಮೇಲೆ ವೇಣೂರು, ಮೂಡುಬಿದಿರೆಗೆ ಹೋದವನು.

ಈಗ ಈ ಕಲ್ಲು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪಡುಗಡೆಯ ಅಂಚು. ಅರಣ್ಯ ಇಲಾಖೆಗೆ ಹಣ ಕಟ್ಟಿಯೇ ಹತ್ತಬೇಕು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆಂದು ಬಿಡದೆ ಇರುವುದೂ ಉಂಟು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರ. ಮೊದಲು ಕಾಡಿನ ನೆರಳು. ಆಮೇಲೆ ಬಂಡೆಯನ್ನೇ ಕೊರೆದ ಮೆಟ್ಟಿಲುಗಳು, ಸಾವಿರಕ್ಕೂ ಮಿಕ್ಕಿ. ಕೆಲವು ಕಡೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದ ನನ್ನನ್ನು ಕಂಡು ಕಾಲೇಜು ಹುಡುಗರು ದಾರಿ ಬಿಟ್ಟರು. ಕರುಣೆಯಿಂದಲೋ ಹೆದರಿಕೆಯಿಂದಲೋ!

ಟಿಪ್ಪುವಿಗಿಂತ ಮೊದಲು ಇಲ್ಲಿದ್ದ ಪೇಟೆಯ ಹೆಸರು ನರಸಿಂಹಂಗಡಿ. ಅವನು ತಾಯಿ ಜಮಾಲ್ ಬೀಯ ನೆನಪಿಗೆ ಜಮಾಲಾಬಾದ್ ಎಂದು ಕರೆದ. ಕೋಟೆಗೆ ತಾಯಿಯ ಹೆಸರಿಟ್ಟ ಮಗ ಎಂದು ಪಾಠದಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ ಎನ್ನಿಸಿತು. ಊರವರ ಬಾಯಲ್ಲಿ ಮಾತ್ರ ಅದು ಗಡಾಯಿಕಲ್ಲೇ. ಕೋಟೆ ಕಟ್ಟಿದ್ದು 1794ರಲ್ಲಿ ಎಂಬುದು ರೂಢಿಯ ಲೆಕ್ಕ. ಹಾಗಾದರೆ ನಿಮ್ಮ ಹಿರಿಯರು ಹಾದುಹೋದಾಗ ಕೋಟೆಯೇ ಇರಲಿಲ್ಲವಲ್ಲ ಬಾಯಿ ಎಂದೆ. ಅಭ್ಯಾಸ ಬಿಡುವುದುಂಟೇ? ಬಾಯಿ ಏದುಸಿರು ಬಿಡುತ್ತಾ, "ಇಸವಿ ನಿಮ್ಮ ಪುಸ್ತಕದಲ್ಲಿರಲಿ ಟೀಚರೇ, ನಡೆದವರಿಗೆ ಕಲ್ಲು ಕಂಡಿರಬೇಕಲ್ಲ" ಎಂದರು. ನಾನು ಸುಮ್ಮನಾದೆ.

ಮೇಲೆ ಮುರಿದ ಗೋಡೆಗಳು, ಮಳೆನೀರಿನ ಕೆರೆ, ಗಾಳಿ. ಮೂಡಲಿಗೆ ಕುದುರೆಮುಖದ ಸಾಲು. ಬಾಯಿ ಬಹಳ ಹೊತ್ತು ಘಟ್ಟವನ್ನೇ ನೋಡಿದರು. ಕೆಳಗೆ ಅಡಿಕೆ ತೋಟಗಳು ಕೊತ್ತಂಬರಿ ಮಡಿಗಳಂತೆ ಕಾಣುತ್ತಿದ್ದವು.

ಈ ಕೋಟೆ ಯಾರ ಕೈಗೂ ಸಿಗಲಾರದು ಎಂದು ನಂಬಿದ್ದರು. 1799ರಲ್ಲಿ ಬ್ರಿಟಿಷರ ಕೈಸೇರಿತು. ಹೆಚ್ಚು ದಿನ ಕಳೆಯುವ ಮುನ್ನ ತಿಮ್ಮನಾಯಕ ಎಂಬವನು ಹಠಾತ್ತನೆ ನುಗ್ಗಿ ಹಿಡಿದ. ಅದನ್ನು ಮರಳಿ ಪಡೆಯಲು ಬ್ರಿಟಿಷರು ಬುಡದಲ್ಲಿ ದಾರಿಕಟ್ಟಿ ಸುಮಾರು ಮೂರು ತಿಂಗಳು ಕಾದರು. 1800ರಲ್ಲಿ ಕೋಟೆ ಬಿತ್ತು. ಹತ್ತಲು ಒಂದೇ ದಾರಿಯಾದರೆ ಇಳಿಯಲೂ ಅದೊಂದೇ. ಕೆಳಗೆ ಕೆಲವೇ ಜನ ತೋಪು ಇಟ್ಟುಕೊಂಡು ಕೂತರೆ ಮೇಲಿನ ದೊಡ್ಡ ಪಡೆಯೂ ಸೆರೆಯಾಳೇ. ಬುಕನನ್ ಈ ಗುಟ್ಟನ್ನು ಚೆನ್ನಾಗಿ ಗುರುತಿಸಿದ್ದಾನೆ. ಓದಿದ್ದೆ, ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಇಳಿಯುವಾಗ. ಅರ್ಧದಲ್ಲಿ ನನ್ನ ಬಲಗಾಲು ನಡುಗತೊಡಗಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಬರೀ ಬಯಲು. ಮುಂದೆ ಅಡಿಯಿಡಲಾರೆ, ಹಿಂದೆ ಹೋಗಿ ಮಾಡುವುದೇನು? ಕಣ್ಣು ಕತ್ತಲಿಟ್ಟಿತು. ಬಾಯಿ ಎರಡು ಮೆಟ್ಟಿಲು ಕೆಳಗಿಳಿದು ನನಗೆ ಬೆನ್ನು ಕೊಟ್ಟು ನಿಂತರು. "ಹೆಗಲು ಹಿಡಿಯಿರಿ. ಕೆಳಗೆ ನೋಡಬೇಡಿ, ನನ್ನ ಸೂಡಿಯನ್ನೇ ನೋಡಿ." ಹಾಗೆಯೇ, ಕೂತು, ಎದ್ದು, ತೆವಳಿ, ಬುಡ ಮುಟ್ಟುವಾಗ ಮೂರೂವರೆ ಗಂಟೆ.

ಬೆಳ್ತಂಗಡಿಯಲ್ಲಿ ಒಂದೊಂದು ಲೋಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದೆವು. ಕಲ್ಲು ಕಾಣುವ ಬದಿಯ ಸೀಟಿಗೆ ನಾನು ಮೊದಲು ಹೋಗಿದ್ದೆ. "ಸ್ವಲ್ಪ ಈಚೆ ಬನ್ನಿ ಟೀಚರೇ," ಎಂದು ಬಾಯಿ ಕಿಟಕಿಯ ಹತ್ತಿರ ಕೂತರು.