ತಾಯಿಹಾಲಿನ ಬ್ಯಾಂಕು, ಸಯನ್: ಸಂಸ್ಥಾಜೀವನದಲ್ಲಿ ನಾಯಕತ್ವ ಮತ್ತು ಸಹಕಾರ್ಯ

ಮುಂಬಯಿ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಸಯನ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ ೧೯೮೯ರ ನವೆಂಬರ್ ತಿಂಗಳಲ್ಲಿ ಸ್ಥಾಪಿತವಾದ, ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಪರಿಗಣಿತವಾದ ತಾಯಿಹಾಲಿನ ಸಂಗ್ರಹಕೇಂದ್ರ. ಇದರ ಸ್ಥಾಪಕಿ ನವಜಾತಶಿಶು ತಜ್ಞೆ ಡಾ. ಆರ್ಮಿಡಾ ಫರ್ನಾಂಡಿಸ್. ಜಗತ್ತಿನ ಪ್ರಥಮ ಹಾಲಿನ ಬ್ಯಾಂಕು ೧೯೦೯ರಲ್ಲಿ ವಿಯೆನ್ನಾ ನಗರದಲ್ಲಿ ತೆರೆದುದನ್ನು ನೆನೆದರೆ, ಈ ಕಾರ್ಯವು ನಮ್ಮ ಖಂಡವನ್ನು ಮುಟ್ಟಲು ಎಂಬತ್ತು ವರ್ಷಗಳೇ ಹಿಡಿದುವು. ಇದರ ವೈದ್ಯಕೀಯ ಮಹತ್ತ್ವವು ಸುವಿದಿತವಾದುದು. ಪ್ರಸ್ತುತ ಲೇಖನವು ಅದನ್ನು ಮುಖ್ಯವಾಗಿ, ಹಣದ ಆಮಿಷವಿಲ್ಲದೆ ಬಹುಜನರ ದುಡಿಮೆಯನ್ನು ಒಂದುಗೂಡಿಸಿದ ವ್ಯವಸ್ಥೆಯ ನಿದರ್ಶನವಾಗಿ ಪರಿಶೀಲಿಸುತ್ತದೆ.

ಹಿನ್ನೆಲೆ

ಸಯನ್ ಎಂಬುದು ‘ಶೀವ’ ಎಂಬ ಮರಾಠಿ ಶಬ್ದವು ಆಂಗ್ಲರ ಬಾಯಲ್ಲಿ ತಳೆದ ರೂಪ. ಶೀವ ಎಂದರೆ ಎಲ್ಲೆ. ಮುಂಬಯಿ ದ್ವೀಪಕ್ಕೂ ಸಾಷ್ಟಿ ದ್ವೀಪಕ್ಕೂ ನಡುವಣ ಈ ಎಲ್ಲೆಯಲ್ಲಿ, ಸೈನ್ಯದ ಹಳೆಯ ಬ್ಯಾರಕ್ಕುಗಳಲ್ಲಿ, ೧೯೪೭ರಲ್ಲಿ ೫೦ ಹಾಸಿಗೆಗಳೊಡನೆ ಆರಂಭವಾದ ಆಸ್ಪತ್ರೆಯು ೧೯೬೪ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆದು, ಇಂದು ೧,೪೦೦ಕ್ಕೂ ಮಿಕ್ಕ ಹಾಸಿಗೆಗಳಷ್ಟು ಬೆಳೆದಿದೆ. ನೆರೆಯ ಧಾರಾವಿಯ ಬಡ ಗರ್ಭಿಣಿಯರಿಗೆ ಇದು ಸಮೀಪದ ಆಶ್ರಯ.

ನಾಯಕತ್ವದ ಸ್ವರೂಪ

೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ಡಾ. ಫರ್ನಾಂಡಿಸ್ ಅವರು ನವಜಾತಶಿಶು ವಿಭಾಗದ ಹೊಣೆಯನ್ನು ವಹಿಸಿಕೊಂಡಾಗ, ಅಲ್ಲಿನ ಹಸುಳೆಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮುಖ್ಯ ಶತ್ರುವೆಂದರೆ ಸೋಂಕು. ದಾದಿಯರು ಕೆಲವರು, ಶಿಶುಗಳು ಹಲವು. ಒಂದು ಪಾಳಿಯಲ್ಲಿ ಇರುವಷ್ಟು ಕೈಗಳೇ ಸೀಸೆ ತೊಳೆದು, ಹಾಲುಪುಡಿ ಕಲಸಿ, ಬಟ್ಟೆ ಬದಲಿಸಿ, ಮತ್ತೊಂದು ತೊಟ್ಟಿಲಿನತ್ತ ಧಾವಿಸಬೇಕಾದಾಗ, ಎಷ್ಟೇ ಶ್ರದ್ಧೆಯಿಂದ ದುಡಿದರೂ ಆ ಕೈಗಳೇ ರೋಗವನ್ನು ಹೊತ್ತು ಸಾಗುವ ಅಪಾಯವುಂಟು. ಇಂತಹ ಸನ್ನಿವೇಶದಲ್ಲಿ ಅಧಿಕಾರಸ್ಥರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು: ಹೆಚ್ಚಿನ ಸಿಬ್ಬಂದಿಯನ್ನು ಬೇಡಿ ಮೇಲಕ್ಕೆ ಪತ್ರ ಬರೆಯುವುದು, ಇಲ್ಲವೆ ಇರುವ ಸಿಬ್ಬಂದಿಯನ್ನು ಗದರಿಸುವುದು. ಇಲ್ಲಿ ನಡೆದುದು ಇವೆರಡೂ ಅಲ್ಲ. ಕೆಲಸದ ರಚನೆಯನ್ನೇ ಬದಲಿಸಲಾಯಿತು. ಹಾಲೂಡಿಸುವ ಸೀಸೆ, ಹಾಲುಪುಡಿಗಳನ್ನು ವಿಭಾಗದಿಂದ ಹೊರಕ್ಕೆ ಹಾಕಿ, ಭೇಟಿಯ ವೇಳೆಗಾಗಿ ಬಾಗಿಲ ಹೊರಗೆ ಕಾಯುತ್ತಿದ್ದ ತಾಯಿಯನ್ನು ಒಳಕ್ಕೆ ಕರೆದು, ಆಕೆಗೆ ಮಗುವಿನ ಆರೈಕೆಯ ಅಧಿಕಾರವನ್ನು ಒಪ್ಪಿಸಿದರು.

ಈ ಒಂದು ನಿರ್ಧಾರದ ಅರ್ಥವ್ಯಾಪ್ತಿಯನ್ನು ಗಮನಿಸಬೇಕು. ದಾದಿಯ ಕೆಲಸ ಕಡಮೆಯಾದುದಷ್ಟೇ ಅಲ್ಲ, ಅದರ ಜಾತಿಯೇ ಬೇರೆಯಾಯಿತು. ಇಪ್ಪತ್ತು ಬಾಯಿಗೆ ತಾನೇ ಹಾಲು ಹಾಕಬೇಕಾಗಿದ್ದವಳು, ಕೈ ತೊಳೆಯುವುದು ಹೇಗೆ, ಹಾಲು ಹಿಂಡುವುದು ಹೇಗೆ, ಮಗುವಿನ ಉಸಿರು ತಪ್ಪಿದರೆ ಯಾರನ್ನು ಕೂಗುವುದು ಎಂದು ಹತ್ತಾರು ತಾಯಂದಿರಿಗೆ ಹೇಳಿಕೊಡುವ ಗುರುಸ್ಥಾನಕ್ಕೆ ಏರಿದಳು. ಸಂಬಳ ಏರದಿದ್ದರೂ ಸ್ಥಾನ ಏರಿತು. ಅಕ್ಷರ ಬಾರದ ಬಾಣಂತಿಯೊಬ್ಬಳು ರೋಗಿಯ ಕಡೆಯವಳೆಂಬ ಪಟ್ಟವನ್ನು ಬಿಟ್ಟು ಕಾರ್ಯತಂಡದ ಸದಸ್ಯೆಯಾದುದು ಈ ಇತಿಹಾಸದ ನಿಜವಾದ ತಿರುವೆಂದೂ, ೧೯೮೯ರ ಬ್ಯಾಂಕು ಅದರ ಸಹಜ ಫಲವೆಂದೂ ಪ್ರಸ್ತುತ ಲೇಖಕನ ಮತ. ವಿಭಾಗದಲ್ಲಿ ಮುಂದೆ ಶಿಶುಮರಣ ಇಳಿದುದಕ್ಕೆ ಈ ಬದಲಾವಣೆಯೊಂದೇ ಕಾರಣವೆನ್ನುವುದು ಸಾಹಸವಾದೀತು. ಅದೇ ದಶಕಗಳಲ್ಲಿ ನವಜಾತಶಿಶು ವೈದ್ಯವೂ ಬಹಳ ಮುಂದುವರಿಯಿತು.

ಹಾಲು ಸಾಗುವ ಕ್ರಮ

ಎಲ್ಲ ತಾಯಂದಿರಿಗೂ ಹಾಲು ಒಡನೆಯೇ ಇಳಿಯುವುದಿಲ್ಲ; ಕೆಲವರು ಬೇರೆ ವಾರ್ಡಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುತ್ತಾರೆ, ಕೆಲವರು ಮಡಿದಿರುತ್ತಾರೆ. ಆ ಮಕ್ಕಳಿಗಾಗಿ ಮತ್ತೊಬ್ಬ ತಾಯಿಯ ಹೆಚ್ಚಿನ ಹಾಲನ್ನು ಕಾಪಿಡುವುದೇ ಬ್ಯಾಂಕಿನ ಉದ್ದೇಶ. ದಾನಿಯ ಒಪ್ಪಿಗೆಯನ್ನು ಪಡೆದು, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇವುಗಳಿಗಾಗಿ ರಕ್ತವನ್ನು ಪರೀಕ್ಷಿಸಿದ ತರುವಾಯವೇ ಆಕೆಯ ಹಾಲನ್ನು ಸ್ವೀಕರಿಸುತ್ತಾರೆ. ಹಿಂಡಿದ ಹಾಲನ್ನು ಮುಚ್ಚಳವಿರುವ ಪಾತ್ರೆಯಲ್ಲಿ ತುಂಬಿ, ತಾರೀಖಿನ ಚೀಟಿ ಅಂಟಿಸಿ, ೬೨.೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ೩೦ ನಿಮಿಷ ಕಾಯಿಸಿ, ಬೇಗನೆ ತಣಿಸುತ್ತಾರೆ; ಇದಕ್ಕೆ ಹೋಲ್ಡರ್ ಪಾಶ್ಚರೀಕರಣವೆಂದು ಹೆಸರು. ಕುದಿಸಿದರೆ ಹಾಲಿನ ರಕ್ಷಕಗುಣವು ನಾಶವಾಗುತ್ತದೆ. ಕಾವು ಸಾಲದಿದ್ದರೆ ರೋಗಾಣುಗಳು ಉಳಿಯುತ್ತವೆ. ಈ ನಡುವಣ ಇಕ್ಕಟ್ಟಾದ ಹಾದಿಯಲ್ಲಿಯೂ ರಕ್ಷಕಗುಣದ ಒಂದಂಶ ಕಳೆದೇ ಹೋಗುವುದರಿಂದ, ಹೆತ್ತ ತಾಯಿಯ ಹಸಿಹಾಲಿಗೇ ಎಂದೆಂದಿಗೂ ಅಗ್ರಸ್ಥಾನ. ತಣಿದ ಹಾಲಿನ ಮಾದರಿಯು ಪ್ರಯೋಗಶಾಲೆಗೆ ಹೋಗಿ, ಅದರಲ್ಲಿ ಏನೂ ಬೆಳೆಯಲಿಲ್ಲವೆಂಬ ವರದಿ ಬರುವ ಪರ್ಯಂತ, ಉಳಿದ ಹಾಲು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾದಿರುತ್ತದೆ.

ಈ ಸರಪಣಿಯಲ್ಲಿ ಬಾಣಂತಿ, ಸಿಸ್ಟರ್, ಸೀಸೆಗಳನ್ನು ಆಟೋಕ್ಲೇವಿಗೆ ಒಯ್ಯುವ ಆಯಾ, ತಂತ್ರಜ್ಞ, ಸೂಕ್ಷ್ಮಾಣುತಜ್ಞ, ಬರೆದುಕೊಡುವ ವೈದ್ಯ, ಇಷ್ಟು ಜನರಿದ್ದಾರೆ. ಯಾರೊಬ್ಬರು ಎಡವಿದರೂ ಉಳಿದವರ ಶ್ರಮವೆಲ್ಲ ಚರಂಡಿಗೆ ಹೋಗುತ್ತದೆ. ಕೊಟ್ಟಕೊನೆಯಲ್ಲಿ, ಹಾಲೂಡಿಸುವ ಸಾಧನವು ನಮ್ಮ ಅಜ್ಜಿಯರು ಬಲ್ಲ ಒಳಲೆಯೇ. ಒಂದು ಕಿಲೋ ತೂಗುವ ಕೂಸಿಗೆ ಹೀರುವ ಶಕ್ತಿ ಕೂಡಿಬರುವ ತನಕ ಮೂಗಿನ ಮೂಲಕ ನಳಿಕೆ. ನುಂಗುವುದನ್ನು ಕಲಿತ ಮೇಲೆ, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಹನಿ ಹನಿಯಾಗಿ, ಕೂಸು ನುಂಗಿದುದನ್ನು ನೋಡಿಯೇ ಮುಂದಿನ ಹನಿ. ಭಾರತದ ನವಜಾತಶಿಶು ವಿಭಾಗಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಈ ಪುಟ್ಟ ಪಾತ್ರೆಯನ್ನು ಉಜ್ಜಿ ಕುದಿಸುವುದು ಸುಲಭ, ಸೀಸೆಯ ರಬ್ಬರಿನ ತೊಟ್ಟನ್ನು ಶುದ್ಧಗೊಳಿಸುವುದು ಕಷ್ಟ.

ಪ್ರೇರಣೆಯ ವಿಷಯದಲ್ಲಿ ಒಂದು ಮಾತು. ಹಾಲುಕೊಟ್ಟ ತಾಯಿಗೆ ಪ್ರತಿಫಲವಿಲ್ಲ. ೨೦೧೭ರ ರಾಷ್ಟ್ರೀಯ ಮಾರ್ಗಸೂಚಿಯೂ ದಾನವು ಸ್ವಯಂಪ್ರೇರಿತವಾಗಿರಬೇಕೆಂದೇ ವಿಧಿಸುತ್ತದೆ. ಆದರೆ ಎದೆ ಬಿಗಿದ ಬಾಣಂತಿಗೆ ಹಾಲು ಹಿಂಡಿಸಿಕೊಳ್ಳುವುದರಿಂದ ನೋವು ಶಮನವಾಗುತ್ತದೆ. ತನ್ನ ಕೂಸು ಅದೇ ವಿಭಾಗದಲ್ಲಿರುವುದರಿಂದ ಪಕ್ಕದ ಕೂಸು ಅವಳಿಗೆ ಪರಕೀಯವಲ್ಲ. ದಾದಿಗಾದರೋ, ತಕ್ಕಡಿಯ ಮೇಲಿನ ತೂಕವು ನಿನ್ನೆಗಿಂತ ಹದಿನೈದು ಗ್ರಾಂ ಏರಿದುದೇ ದುಡಿಮೆಯ ಫಲ, ಪ್ರತಿದಿನವೂ ಕಣ್ಣಿಗೆ ಬೀಳುವಂಥದು.

ಹೋಲಿಕೆಗಳು

ಸಯನ್ನಿನಲ್ಲಿ ತಾಯಂದಿರನ್ನು ಒಳಕ್ಕೆ ಕರೆದ ಕಾಲದಲ್ಲಿಯೇ ಎರಡು ದೂರದೇಶಗಳಲ್ಲಿ ಸದೃಶವಾದ ಪರಿಹಾರಗಳು ಹುಟ್ಟಿದುವು. ಕೊಲಂಬಿಯದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಅವರು ೧೯೭೮ರಲ್ಲಿ, ಇನ್‌ಕ್ಯುಬೇಟರುಗಳ ಅಭಾವದಿಂದ, ಶಿಶುವನ್ನು ತಾಯಿಯ ಎದೆಗೆ ಕಟ್ಟುವ ‘ಕಾಂಗರೂ’ ಪದ್ಧತಿಯನ್ನು ಆರಂಭಿಸಿದರು. ಎಸ್ಟೋನಿಯದ ಟಾಲಿನ್‌ನಲ್ಲಿ ಡಾ. ಆಡಿಕ್ ಲೆವಿನ್ ಅವರು ೧೯೭೯ರಲ್ಲಿ, ದಾದಿಯರ ಅಭಾವದಿಂದ, ತಾಯಂದಿರಿಗೇ ಆರೈಕೆಯನ್ನು ವಹಿಸಿದರು.

ಕೈಗಾರಿಕೆಯ ಲೋಕದಲ್ಲಿ ಸಮೀಪದ ನಿದರ್ಶನವೆಂದರೆ ಅಹಮದಾಬಾದಿನ ಕ್ಯಾಲಿಕೊ ಗಿರಣಿ. ಅಲ್ಲಿನ ೨೨೪ ಸ್ವಯಂಚಾಲಿತ ಮಗ್ಗಗಳನ್ನು ೨೯ ಕೆಲಸಗಾರರು ಹತ್ತಾರು ಬಗೆಯ ಹುದ್ದೆಗಳಲ್ಲಿ ಹಂಚಿಹೋಗಿ ನಡೆಸುತ್ತಿದ್ದಾಗ, ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರ ಸಲಹೆಯ ಮೇರೆಗೆ ೧೯೫೩ರಲ್ಲಿ, ೬೪ ಮಗ್ಗಗಳಿಗೆ ಏಳು ಜನರ ಒಂದೊಂದು ಗುಂಪೆಂಬ ಏರ್ಪಾಡು ಬಂದಿತು. ಬಟ್ಟೆಯ ಗುಣವೂ ಪ್ರಮಾಣವೂ ಉತ್ತಮಗೊಂಡುವು. ಆದರೂ ಗಿರಣಿಯ ಗುಂಪು ಕಟ್ಟಿದುದು ಕೂಲಿ ಪಡೆಯುವವರಿಂದ. ಸಯನ್ನಿನ ಗುಂಪು ಕಟ್ಟಿದುದು ಕೂಲಿಯ ಪಟ್ಟಿಯಲ್ಲಿಲ್ಲದವಳನ್ನು ಒಳಗೊಂಡು. ಆಜ್ಞೆಯು ಅಧಿಕಾರಿಯ ಬಾಯಿಂದಲ್ಲ, ಸನ್ನಿವೇಶದ ಅಗತ್ಯದಿಂದ ಹೊರಡಬೇಕೆಂದು ಅಮೆರಿಕದ ಮೇರಿ ಪಾರ್ಕರ್ ಫೋಲೆಟ್ ೧೯೨೦ರ ದಶಕದಲ್ಲಿ ಪ್ರತಿಪಾದಿಸಿದ ತತ್ತ್ವಕ್ಕೆ ಹಾಲಿನ ಸೀಸೆಯ ಮೇಲಿನ ಚೀಟಿಯಷ್ಟು ಸರಳವಾದ ಉದಾಹರಣೆ ದೊರೆಯುವುದು ದುರ್ಲಭ: ವರದಿ ಬಾರದ ಸೀಸೆಯನ್ನು ವಿಭಾಗದ ಮುಖ್ಯಸ್ಥರೂ ತೆರೆಯುವಂತಿಲ್ಲ.

ಪ್ರಸಾರ

ಡಾ. ಫರ್ನಾಂಡಿಸ್ ಅವರು ಮುಂದೆ ಅದೇ ಆಸ್ಪತ್ರೆಯ ಡೀನ್ ಆದರು. ೧೯೯೯ರಲ್ಲಿ ಅವರು ಸ್ಥಾಪಿಸಿದ ‘ಸ್ನೇಹಾ’ ಸಂಸ್ಥೆಯು ಧಾರಾವಿ ಮೊದಲಾದೆಡೆಗಳಲ್ಲಿ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ದುಡಿಯುತ್ತಿದೆ. ಹಾಲಿನ ಬ್ಯಾಂಕುಗಳು ದೇಶದ ಅನೇಕ ನಗರಗಳಿಗೆ ಹಬ್ಬಿದ್ದು, ಕರ್ನಾಟಕದಲ್ಲಿ ಬೆಂಗಳೂರಿನ ಸರಕಾರಿ ವಾಣಿವಿಲಾಸ ಆಸ್ಪತ್ರೆಯು ೨೦೨೨ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನಲ್ಲಿ ತನ್ನದನ್ನು ತೆರೆಯಿತು.