ಹೊಗೆಯ ಟ್ಯಾಂಕ್ ಬಿಚ್ಚಿ ನೋಡೋಣ: ತೆಂಗಿನ ಚಿಪ್ಪಿನಿಂದ ಕೊಚ್ಚಿಯ ಹೈಕೋರ್ಟಿನವರೆಗೆ

ಕಾಕ್ಕನಾಡಿನ ಇನ್ಫೋಪಾರ್ಕ್ ಆಗಲಿ, ತಿರುವನಂತಪುರದ ಟೆಕ್ನೋಪಾರ್ಕ್ ಆಗಲಿ, ಸಂಜೆ ಚಾಯ್ ಅಂಗಡಿ ಮುಂದೆ ಒಂದು ಮಾತು ಬಂದೇ ಬರುತ್ತೆ. "ದುಬೈಯಿಂದ ಗೆಳೆಯ ಬರ್ತಿದಾನೆ, ಒಂದು ರೀಬಿಲ್ಡಬಲ್ ಟ್ಯಾಂಕ್ ತರಿಸ್ಲಾ? ಕಾಯಿಲ್ ನಾವೇ ಸುತ್ಕೋಬಹುದು, ಸಿಗರೇಟಿಗಿಂತ ವಾಸಿ ಅಲ್ವಾ?" ಇವತ್ತು ಆ ಟ್ಯಾಂಕನ್ನೇ ಬಿಚ್ಚಿ ನೋಡೋಣ. ಅದು ಎಲ್ಲಿಂದ ಬಂತು, ದಿನಬಳಕೆಗೆ ಹೇಗಿದೆ, ಅದನ್ನು ಅಳೆಯಬೇಕಾದವರು ಯಾರು ಅಂತ.

ಮೊದಲ ಟ್ಯಾಂಕು ನಮ್ಮ ಸುತ್ತಲೇ ಇದೆ: ತೆಂಗಿನ ಚಿಪ್ಪು. ಹುಕ್ಕಾಗೆ ಪಶ್ಚಿಮ ಏಷ್ಯಾದಲ್ಲಿ ನರ್ಗಿಲೆ ಅಂತಾರೆ. ಪರ್ಷಿಯನ್ನಿನ ನಾರ್ಗಿಲ್ ಅಂದರೆ ತೆಂಗಿನಕಾಯಿ, ನಮ್ಮ ನಾರಿಕೇಳವೇ. ನೀರು ತುಂಬಿದ ಚಿಪ್ಪು, ಮೇಲೊಂದು ಬಟ್ಟಲು, ಪಕ್ಕಕ್ಕೊಂದು ನಳಿಗೆ. ಚಿಪ್ಪು ಒಡೆದರೆ ಇನ್ನೊಂದು ಚಿಪ್ಪು, ನಳಿಗೆ ಕಟ್ಟಿಕೊಂಡರೆ ಇನ್ನೊಂದು ನಳಿಗೆ. ಬಳಸುವವನೇ ರಿಪೇರಿ ಮಾಡ್ಕೋಬೇಕು ಅನ್ನೋ ವಿನ್ಯಾಸ ಹೊಸದೇನಲ್ಲ.

ಬೆಂಕಿಯಿಲ್ಲದ ಹೊಗೆಯ ಯೋಚನೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬುವರದು. ಅವರು 1963ರಲ್ಲಿ ಅರ್ಜಿ ಹಾಕಿ, 1965ರಲ್ಲಿ ಪೇಟೆಂಟ್ ಪಡೆದರು. ಆದರೆ ಅದು ಮಾರುಕಟ್ಟೆ ಹಿಡಿಯಲಿಲ್ಲ. 2003ರಲ್ಲಿ ಚೀನಾದ ಔಷಧ ತಜ್ಞ ಹಾನ್ ಲಿಕ್ ಮಾಡಿದ ಇ-ಸಿಗರೇಟು ಜಗತ್ತಿಗೆ ಹರಡಿತು. ಮುಂದೆ ಬಂದವುಗಳಲ್ಲಿ ಹೆಚ್ಚಿನವು ಮುಚ್ಚಿದ ಡಬ್ಬಿಗಳು, ಕಾಯಿಲ್ ಸುಟ್ಟರೆ ಬಿಸಾಡಬೇಕು. ಇದಕ್ಕೆ ಬಳಕೆದಾರರು ಕೊಟ್ಟ ಉತ್ತರವೇ ರೀಬಿಲ್ಡಬಲ್ ಟ್ಯಾಂಕು. ಜರ್ಮನಿಯ ಕೈಫನ್ ಈ ಜಾತಿಯಲ್ಲಿ ಹೆಸರಾದದ್ದು. ನಮ್ಮ ಭಾಷೇಲಿ ಹೇಳೋದಾದ್ರೆ ಮುಚ್ಚಿದ ಸಾಫ್ಟ್‌ವೇರಿಗೆ ಎದುರಾಗಿ ಓಪನ್ ಸೋರ್ಸು.

ಒಳಗೆ ಏನಿದೆ? ಕೆಳಗೊಂದು ತಟ್ಟೆ, ಅದರ ಮೇಲೆ ಎರಡು ಕಂಬ. ಕಂಬಗಳ ನಡುವೆ ಕ್ಯಾಂಥಲ್ ತಂತಿಯ ಸುರುಳಿ, ಅದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಮಿಶ್ರಲೋಹ. ಸುರುಳಿಯೊಳಗೆ ಹತ್ತಿಯ ಬತ್ತಿ, ಸುತ್ತ ದ್ರವದ ಕೊಳವೆ. ನೀವು ಎಳೆದಾಗ ಬತ್ತಿಯ ದ್ರವ ಆವಿಯಾಗುತ್ತೆ, ಆ ಜಾಗಕ್ಕೆ ಟ್ಯಾಂಕಿನಿಂದ ಹೊಸ ದ್ರವ ಬರುತ್ತೆ. ಮೇಲಿರುವ ಗಾಳಿಗುಳ್ಳೆಯ ಕಡಿಮೆ ಒತ್ತಡವೇ ದ್ರವ ಸೋರದಂತೆ ಹಿಡಿದಿಡೋದು. ಸರಳ, ಚೆಂದ, ಪ್ರತಿ ಭಾಗವನ್ನೂ ತೊಳೆಯಬಹುದು. ಇಷ್ಟರ ಮಟ್ಟಿಗೆ ಪೂರ್ತಿ ಅಂಕ.

ಈಗ ದಿನಬಳಕೆ. ಬತ್ತಿ ಬಿಗಿಯಾದರೆ ದ್ರವ ಬರಲ್ಲ, ಹತ್ತಿ ಒಣಗಿ ಸುಡುತ್ತೆ. ಅತಿಯಾಗಿ ಕಾದ ದ್ರವದಿಂದ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ. ಸಡಿಲಾದರೆ ಜೇಬೆಲ್ಲಾ ಒದ್ದೆ. ಕೊಚ್ಚಿಯಿಂದ ಊರಿಗೆ ಹೊರಡಿ, ಹೊಸೂರು ದಾಟಿ ಬೆಂಗಳೂರು ಮುಟ್ಟುವಷ್ಟರಲ್ಲಿ ಸುಮಾರು 900 ಮೀಟರ್ ಏರಿರ್ತೀರಿ. ಹೊರಗಿನ ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇ. 10 ಇಳಿದಿರುತ್ತೆ. ಒಳಗಿನ ಗುಳ್ಳೆ ಅಷ್ಟೇ ಹಿಗ್ಗಿ ದ್ರವವನ್ನು ಹೊರಗೆ ತಳ್ಳುತ್ತೆ. ಆ ದ್ರವದಲ್ಲಿರೋದು ನಿಕೋಟಿನ್, ಚರ್ಮದ ಮೂಲಕವೂ ಒಳಗೆ ಹೋಗುವ ವಿಷ.

ಇನ್ನೂ ದೊಡ್ಡ ತೊಂದರೆ ಓಮನ ನಿಯಮದ್ದು. ತುಂಬಿದ ಬ್ಯಾಟರಿ 4.2 ವೋಲ್ಟ್. ನಿಯಂತ್ರಣ ಸರ್ಕ್ಯೂಟ್ ಇಲ್ಲದ ಉಪಕರಣದಲ್ಲಿ 1 ಓಮ್ ಸುರುಳಿಗೆ 4.2 ಆಂಪಿಯರ್ ಹರಿಯುತ್ತೆ. ಅದೇ 0.2 ಓಮ್ ಆದರೆ 21 ಆಂಪಿಯರ್, ಎಷ್ಟೋ ಲಿಥಿಯಂ ಬ್ಯಾಟರಿಗಳ ಮಿತಿಗಿಂತ ಜಾಸ್ತಿ. ಅಂದರೆ ಪ್ರತಿ ಸಲ ಕಾಯಿಲ್ ಬದಲಿಸಿದಾಗಲೂ ನೀವೊಂದು ಹೊಸ ಯಂತ್ರ ಮಾಡ್ತೀರಿ. ಟೆಸ್ಟಿಂಗ್ ಇಲ್ಲದೆ ನೇರ ಪ್ರೊಡಕ್ಷನ್ನಿಗೆ, ಅದೂ ನಿಮ್ಮದೇ ಶ್ವಾಸಕೋಶಕ್ಕೆ!

ಸರಿ, ಇಷ್ಟೂ ಬಳಸುವವನ ಕಡೆಯಿಂದಾಯ್ತು. ಪಕ್ಕದಲ್ಲಿ ಕೂತವನ ಕಥೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು ಕೊಚ್ಚಿ. ಕೆ. ರಾಮಕೃಷ್ಣನ್ ಮತ್ತು ಕೇರಳ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು 1999ರ ಜುಲೈ 12ರಂದು ತೀರ್ಪು ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ ಸೇದುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ವಿರುದ್ಧ, ಅದು ಸಾರ್ವಜನಿಕ ಉಪದ್ರವ ಅಂತ ಹೇಳಿತು. 2001ರಲ್ಲಿ ಮುರಳಿ ದೇವ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಅದೇ ದಾರಿ ಹಿಡಿಯಿತು. 2003ರಲ್ಲಿ ಕೇಂದ್ರದ ತಂಬಾಕು ಕಾಯ್ದೆ ಬಂತು. ಬೀಡಿಯ ಹೊಗೆ ಬೇರೆ, ವೇಪ್ ಆವಿ ಬೇರೆ, ನಿಜ. ಆದರೆ ಆ ಆವಿ ಬರೀ ನೀರಲ್ಲ, ಅದರಲ್ಲೂ ನಿಕೋಟಿನ್ ಇದೆ, ಸಣ್ಣ ಕಣಗಳಿವೆ. ಎರಡು ಬೆಡ್‌ರೂಮಿನಲ್ಲಿ ನಾಲ್ಕು ಜನ ಇರೋ ನಮ್ಮ ಬಾಡಿಗೆ ಮನೆಗಳಲ್ಲಿ ಅದು ಯಾರ ಪಾಲಿಗೂ ಬರುತ್ತೆ.

"ಒಂದು ತಿಂಗಳು ಬಳಸಿದೀನಿ, ಏನೂ ಆಗಿಲ್ಲ" ಅನ್ನೋರಿಗೆ ತಿರುವನಂತಪುರದ ಒಂದು ಕೆಲಸ ಹೇಳ್ತೀನಿ. ಅಲ್ಲಿನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ 13 ಪಂಚಾಯಿತಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಬೇಕು, ಅಷ್ಟೇ. ಇಷ್ಟು ಸರಳ ವಿಧಾನದಿಂದ ಉಪಯೋಗ ಇದೆಯಾ ಅಂತ ತಿಳಿಯೋಕೆ ಸುಮಾರು 1.9 ಲಕ್ಷ ಜನ, ಒಂಬತ್ತು ವರ್ಷ ಬೇಕಾಯ್ತು. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34 ಕಡಿಮೆ. ಮೌಲ್ಯಮಾಪನ ಅಂದ್ರೆ ಇದು. ಒಂದು ತಿಂಗಳಲ್ಲಿ ಗೊತ್ತಾಗೋದು ರುಚಿ ಮಾತ್ರ.

ಕೊನೆಗೆ ಗೆಳೆಯನ ಲಗೇಜ್ ವಿಷಯ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆ. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲಾ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. "ತಯಾರಿಕೆ" ಅನ್ನೋ ಮಾತಿನ ವ್ಯಾಖ್ಯಾನದಲ್ಲಿ ಜೋಡಣೆಯೂ ಇದೆ, ಬಿಡಿಭಾಗವೂ ಇದೆ. ಸೇದುವುದಕ್ಕೇ ಅಂತ ಪ್ರತ್ಯೇಕ ಶಿಕ್ಷೆ ಅದರಲ್ಲಿಲ್ಲ. ಆದರೆ ಅದು ನಿಮ್ಮ ಕೈಗೆ ಬರೋ ದಾರಿಗಳೆಲ್ಲಾ ಮುಚ್ಚಿವೆ. ಬೀಡಿ, ಸಿಗರೇಟು ಮಾತ್ರ ಅಂಗಡೀಲಿ ಸಿಗುತ್ತಲ್ಲ ಅಂತ ಕೇಳಿದ್ರೆ, ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಗೆಳೆಯನ ಸೂಟ್‌ಕೇಸಿನಲ್ಲಿಲ್ಲ.

ನನ್ನ ತೀರ್ಮಾನ: ವಿನ್ಯಾಸ ಜಾಣತನದ್ದು, ಬಳಕೆ ತಲೆನೋವಿನದ್ದು, ಅಪಾಯ ನಮ್ಮೊಬ್ಬರದೇ ಅಲ್ಲ. ಗೆಳೆಯನಿಗೆ ಇವತ್ತೇ ಮೆಸೇಜ್ ಹಾಕಿ, ಖರ್ಜೂರ ತಂದ್ರೆ ಸಾಕು ಅಂತ. ಸಿಗರೇಟು ಬಿಡಬೇಕು ಅಂತಲೇ ಈ ಯೋಚನೆ ಬಂದಿದ್ರೆ, ಉಚಿತ ರಾಷ್ಟ್ರೀಯ ಸಹಾಯವಾಣಿ 1800 112 356ಕ್ಕೆ ಕರೆ ಮಾಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.