ಕೊರಾಲಮ್ ಎಂದರೇನು? ಬಿಳಿಚಿದ ಹವಳವೆಲ್ಲ ಸತ್ತ ಹವಳವೇ?

ಹವಳದ ಇಡೀ ಅಸ್ಥಿಪಂಜರವನ್ನು ಜೀವವಿಜ್ಞಾನದಲ್ಲಿ ಕೊರಾಲಮ್ ಎನ್ನುತ್ತಾರೆ. ಇದರ ಬಹುವಚನ ಕೊರಾಲಾ.

ನೋಡಲು ಕಲ್ಲಿನಂತಿದ್ದರೂ ಹವಳ ಒಂದು ಪ್ರಾಣಿ. ಪಾಲಿಪ್ ಎಂಬ ಮೆತ್ತನೆಯ ಪುಟ್ಟ ಜೀವಿಗಳು ಗುಂಪಾಗಿ ಬದುಕುತ್ತವೆ. ಪ್ರತಿ ಪಾಲಿಪ್ ತನ್ನ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಬಟ್ಟಲಿನಂಥ ಗೂಡು ಕಟ್ಟಿಕೊಳ್ಳುತ್ತದೆ. ಇಂಥ ಒಂದು ಬಟ್ಟಲು ಕೊರಲೈಟ್. ಎಲ್ಲ ಕೊರಲೈಟ್‌ಗಳೂ ಅವುಗಳನ್ನು ಬೆಸೆಯುವ ಸುಣ್ಣದ ಭಾಗವೂ ಸೇರಿದರೆ ಕೊರಾಲಮ್. ಒಂಟಿಯಾಗಿ ಬೆಳೆಯುವ ಹವಳಗಳಲ್ಲಿ ಎರಡೂ ಒಂದೇ.

ಬಳಕೆ ಎಲ್ಲಿ?

ಹವಳದ ಜಾತಿ ಗುರುತಿಸಲು ಕೊರಾಲಮ್‌ನ ಆಕಾರ ಮೊದಲ ಸುಳಿವು: ಕವಲು, ಗುಂಡು, ತಟ್ಟೆ ಹೀಗೆ. ನಂತರ ಕೊರಲೈಟ್‌ಗಳ ಗಾತ್ರ, ಒಳಗೋಡೆಗಳನ್ನು ನೋಡುತ್ತಾರೆ. ಪೊರೈಟಿಸ್ ಹವಳದ ಗುಂಡುಬಂಡೆಯಂಥ ಕೊರಾಲಮ್‌ನಲ್ಲಿ ಮರದ ಉಂಗುರಗಳಂತೆ ವರ್ಷದ ಪದರಗಳಿರುತ್ತವೆ. ಹಿಂದಿನ ಶತಮಾನಗಳ ಸಮುದ್ರದ ತಾಪಮಾನವನ್ನು ವಿಜ್ಞಾನಿಗಳು ಇವುಗಳಿಂದ ಅಂದಾಜಿಸುತ್ತಾರೆ.

ಬಿಳಿಚುವಿಕೆ ಮತ್ತು ಸಾವು

1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ನೀರು ಬಿಸಿಯಾದಾಗ ಪಾಲಿಪ್‌ಗಳು ತಮಗೆ ಬಣ್ಣ ಮತ್ತು ಆಹಾರ ಕೊಡುವ ಪಾಚಿಯನ್ನು ಹೊರಹಾಕುತ್ತವೆ. ಆಗ ಪಾರದರ್ಶಕ ಚರ್ಮದಡಿ ಬಿಳಿಯ ಕೊರಾಲಮ್ ಕಾಣುತ್ತದೆ. ಆ ಹಂತದಲ್ಲಿ ಪಾಲಿಪ್ ಇನ್ನೂ ಜೀವಂತ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಲ್ಲದು. ಬಿಸಿ ಮುಂದುವರಿದರೆ ಪಾಲಿಪ್ ಸಾಯುತ್ತದೆ, ಬರಿಯ ಕೊರಾಲಮ್ ಉಳಿಯುತ್ತದೆ.

ಮುರುಡೇಶ್ವರ ಸಮೀಪದ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಚ್ಛೇದದಲ್ಲಿ ಇರುವುದರಿಂದ ಹುಲಿ, ಆನೆಗಳಷ್ಟೇ ರಕ್ಷಣೆ ಅವಕ್ಕೂ ಇದೆ.